ಶಾಲಿಗಿಂತ ಮೊದಲು ಬೂಟು

2025ರ ನವೆಂಬರ್ 2ರ ರಾತ್ರಿ ನವಿ ಮುಂಬಯಿಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ಭಾರತದ ವನಿತೆಯರು ಕ್ರಿಕೆಟ್ ವಿಶ್ವಕಪ್ ಗೆದ್ದಾಗ ಮುಂಬಯಿ ಕನ್ನಡಿಗರಾದ ನಾವೂ ಹಿಗ್ಗಿದೆವು. ಅದೇ ಅಂಗಳದಲ್ಲಿ 2022ರ ಜನವರಿ 20ರಂದು ನಮ್ಮ ಫುಟ್‌ಬಾಲ್ ವನಿತೆಯರು ಏಷ್ಯಾ ಕಪ್ ಪಂದ್ಯದಲ್ಲಿ ಇರಾನಿನೊಡನೆ ಗೋಲಿಲ್ಲದ ಸಮಬಲ ಸಾಧಿಸಿದ್ದು ಎಷ್ಟು ಮಂದಿಗೆ ನೆನಪಿದೆ? ಮೂರು ದಿನಗಳ ಬಳಿಕ ಚೈನೀಸ್ ತೈಪೆಯ ವಿರುದ್ಧ ಕಣಕ್ಕಿಳಿಯಲು ನಿಯಮದಂತೆ ಬೇಕಾದ ಹದಿಮೂರು ಮಂದಿಯೂ ತಂಡದಲ್ಲಿ ಉಳಿದಿರಲಿಲ್ಲ. ಉಳಿದವರನ್ನು ಕೋವಿಡ್ ಮಲಗಿಸಿತ್ತು. ಆತಿಥೇಯರೇ ಕೂಟದಿಂದ ಹೊರಬಿದ್ದರು. 2023ರ ವಿಶ್ವಕಪ್ಪಿನ ದಾರಿಯೂ ಅಲ್ಲಿಗೆ ಮುಚ್ಚಿತು.

ಆ ವಿಶ್ವಕಪ್ಪಿನಲ್ಲಿ ಕೆರಿಬಿಯನ್ ಕಡಲಿನ ಜಮೈಕಾ ಆಡಿತು. ಮುಂಬಯಿಯ ಕಾಲುಭಾಗದಷ್ಟೂ ಜನಸಂಖ್ಯೆಯಿಲ್ಲದ ದ್ವೀಪವದು. ಫ್ರಾನ್ಸ್ ಮತ್ತು ಬ್ರೆಜಿಲ್ ತಂಡಗಳಿಗೆ ಒಂದೂ ಗೋಲು ಬಿಟ್ಟುಕೊಡದೆ, ಪನಾಮಾವನ್ನು ಮಣಿಸಿ, ಕೊನೆಯ ಹದಿನಾರರ ಘಟ್ಟವನ್ನು ಮುಟ್ಟಿತು. ಆದರೆ ಹಣವಿಲ್ಲವೆಂದು ಹಿಂದೊಮ್ಮೆ ಈ ತಂಡವನ್ನೇ ವಿಸರ್ಜಿಸಲಾಗಿತ್ತು. 2014ರಲ್ಲಿ ಗಾಯಕ ಬಾಬ್ ಮಾರ್ಲಿಯ ಮಗಳು ಸೆಡೆಲ್ಲಾ ಮಾರ್ಲಿ ಕೈಹಿಡಿದುದರಿಂದ ಅದು ಮತ್ತೆ ಉಸಿರಾಡಿತು. 2023ರ ಕೂಟಕ್ಕೆ ಮುನ್ನವೂ ಆಟಗಾರ್ತಿಯೊಬ್ಬರ ತಾಯಿ ಸಾರ್ವಜನಿಕರಿಂದ ನಿಧಿ ಕೂಡಿಸಬೇಕಾಯಿತು.

ಇದನ್ನು ಕೇವಲ ಛಲದ ಕಥೆಯೆಂದು ಮೆಚ್ಚಿ ಮರೆಯುವುದು ಸುಲಭ. ನಮಗೆ ಕಾಣುವ ಪಾಠ ಬೇರೆ: ಪ್ರತಿಭೆ ಅಲ್ಲಿಯೂ ಇತ್ತು, ಇಲ್ಲಿಯೂ ಇದೆ, ಗೆಲ್ಲುವ ಮೊದಲೇ ನೆರವಾಗುವವರು ಮಾತ್ರ ಎಲ್ಲೆಡೆಯೂ ವಿರಳ. ಪಂದ್ಯಗಳನ್ನೇ ಆಡದ ಕಾರಣ 2009ರಲ್ಲಿ ಫಿಫಾ ಶ್ರೇಯಾಂಕಪಟ್ಟಿಯಿಂದಲೇ ಬಿಟ್ಟುಹೋಗಿದ್ದ ಭಾರತ ತಂಡ, 2025ರ ಜುಲೈಯಲ್ಲಿ ಥಾಯ್ಲೆಂಡನ್ನು ಅದರ ನೆಲದಲ್ಲೇ 2-1ರಿಂದ ಸೋಲಿಸಿ ಏಷ್ಯಾ ಕಪ್ಪಿಗೆ ಅರ್ಹತೆ ಗಳಿಸಿತು. ನಿಲ್ಲದೆ ಆಡಿದರೆ ಏನಾದೀತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಗೆದ್ದು ಬಂದವರಿಗೆ ಶಾಲು, ಹಾರ, ಫಲತಾಂಬೂಲ ಕೊಡುವುದರಲ್ಲಿ ನಮ್ಮ ಸಂಘಗಳು ಎಂದೂ ಹಿಂದೆ ಬಿದ್ದಿಲ್ಲ. ಆದರೆ ಉಪನಗರದ ಹುಡುಗಿಯೊಬ್ಬಳಿಗೆ ಬೂಟು, ಲೋಕಲ್ ರೈಲಿನ ಪಾಸು, ವಾರಕ್ಕೆರಡು ಸಂಜೆಯ ಮೈದಾನ ಬೇಕಾಗುವುದು ಗೆಲುವಿಗೆ ಮುಂಚೆ. ಸಂಘಗಳಿಗೆ ಅಷ್ಟು ಹಣವೆಲ್ಲಿಯದು ಎಂದು ಕೇಳಬಹುದು. ವರ್ಷಕ್ಕೊಂದು ಸನ್ಮಾನ ಸಮಾರಂಭವನ್ನು ಸರಳಗೊಳಿಸಿದರೂ ಕೆಲವರ ಖರ್ಚು ಹೊರಡುತ್ತದೆ.

ಇದು ನಮಗೆ ಹೊಸ ಧರ್ಮವೇನೂ ಅಲ್ಲ. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದ ಹುಡುಗರಿಗಾಗಿ ಈ ನಗರದಲ್ಲಿ ಕನ್ನಡ ರಾತ್ರಿಶಾಲೆಗಳನ್ನು ತೆರೆದ ನಮ್ಮ ಹಿರಿಯರು, ಅವರ ಅಂಕಪಟ್ಟಿ ನೋಡಿ ಬಾಗಿಲು ತೆರೆದವರಲ್ಲ.