ಓಕೆ ಒತ್ತಿದವನದೇ ತಪ್ಪಾ?

ಚಿಕ್ಕಪ್ಪನ ಮಗಳ ಮದುವೆ ಪತ್ರಿಕೆ ಅಚ್ಚಾಗಿ ಮೇಲೂರಿನ ಮನೆಗೆ ಬಂತು. ಒಟ್ಟು 600 ಪತ್ರಿಕೆ. ಮೂಲೆಗೆ ಅರಿಶಿನ ಹಚ್ಚೋಕೆ ಕೂತ ಅತ್ತೆ ಕನ್ನಡಕ ಏರಿಸ್ಕೊಂಡು ಕೇಳಿದರು, ‘ಇದೇನೋ ಇದು, ಶುಭ ಮುಹೂತ?’ ನೋಡಿದರೆ ಮುಹೂರ್ತದ ಅರ್ಕಾವತ್ತೇ ಇಲ್ಲ. ‘ಕರ್ಕಾಟಕ ಲಗ್ನ’ ಹೋಗಿ ‘ಕಕಾಟಕ ಲಗ್ನ’ ಆಗಿದೆ. ‘ಆಶೀರ್ವದಿಸಬೇಕಾಗಿ’ ಅನ್ನೋದು ‘ಆಶೀವದಿಸಬೇಕಾಗಿ’ ಆಗಿದೆ. ಮನೆ ಮಕ್ಕಳು ‘ಮುಹೂತ, ಭೂತ’ ಅಂತ ಕುಣಿಯೋಕೆ ಶುರು ಮಾಡಿದವು. ಚಿಕ್ಕಪ್ಪನ ಮುಖ ನೋಡೋ ಹಾಗಿರಲಿಲ್ಲ.

‘ಕಂಪ್ಯೂಟರ್ ಗೊತ್ತಿರೋನು ಬಾ’ ಅಂತ ನನ್ನನ್ನ ಬೈಕ್ ಹಿಂದೆ ಕೂರಿಸ್ಕೊಂಡು ಸೀದಾ ಶಿಡ್ಲಘಟ್ಟಕ್ಕೆ ಹೊರಟರು. ಪ್ರೆಸ್ಸಿನ ಮಾಲೀಕರ ತೀರ್ಪು ಆಗಲೇ ಸಿದ್ಧವಾಗಿತ್ತು. ‘ಈ ಹುಡುಗನ್ದೇ ತಪ್ಪು ಸಾರ್. ಫಾಂಟ್ ಇಲ್ಲ ಅಂತ ಕಂಪ್ಯೂಟರ್ರೇ ಹೇಳಿದೆ. ನೋಡ್ದೆ ಓಕೆ ಒತ್ತಿದಾನೆ. ಮತ್ತೆ ಅಚ್ಚು ಹಾಕೋ ಖರ್ಚು ಇವನ ಸಂಬಳದಲ್ಲೇ ಹಿಡೀತೀನಿ.’ ಹುಡುಗನಿಗೆ ಇಪ್ಪತ್ತು ವರ್ಷ ಇರಬಹುದು. ತಲೆ ಬಗ್ಗಿಸಿ ನಿಂತಿದ್ದ.

ಆಗಿದ್ದು ಇಷ್ಟು. ಪತ್ರಿಕೆ ಕೂಡಿಸಿದ್ದು ಬೇರೆ ಡಿಟಿಪಿ ಅಂಗಡಿಯಲ್ಲಿ. ಚಿಕ್ಕಪ್ಪ ಅಲ್ಲಿ ಕರಡು ನೋಡಿ ಒಪ್ಪಿದ್ದರು, ಆಗ ಎಲ್ಲ ಸರಿಯಾಗೇ ಇತ್ತು. ಕೊನೇ ಗಳಿಗೆಯಲ್ಲಿ ಒಂದು ಫೋನ್ ನಂಬರ್ ಬದಲಾಗಬೇಕಾಯ್ತು ಅಂತ, ಪಿಡಿಎಫ್ ಬದಲು ಮೂಲ ಫೈಲೇ ಪೆನ್‌ಡ್ರೈವ್‌ನಲ್ಲಿ ಪ್ರೆಸ್ಸಿಗೆ ಹೋಯ್ತು. ಇಲ್ಲಿನ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇರಲಿಲ್ಲ. ಪಾಪ್‌ಅಪ್ ಬಂತು. ಹುಡುಗ ಓಕೆ ಒತ್ತಿದ.

‘ಆ ಫೈಲ್ ಇನ್ನೊಂದ್ಸಲ ತೆಗಿ’ ಅಂದೆ. ತೆಗೆದ. ಫಾಂಟ್ ಇಲ್ಲ, ಓಕೆ. ಇನ್ನೊಂದು ಫಾಂಟ್ ಇಲ್ಲ, ಓಕೆ. ಫೈಲ್ ಹಳೇ ವರ್ಷನ್‌ದು, ಓಕೆ. ಗಣಪತಿ ಚಿತ್ರದ ಲಿಂಕ್ ಸಿಗ್ತಿಲ್ಲ, ಓಕೆ. ಪ್ರಿಂಟರ್ ಬೇರೆ ಇದೆ, ಓಕೆ. ಪುಟ ಕಣ್ಣಿಗೆ ಬೀಳೋ ಹೊತ್ತಿಗೆ ಏಳು ಪಾಪ್‌ಅಪ್ ಆಗಿತ್ತು. ಎಲ್ಲವೂ ಇಂಗ್ಲಿಷಲ್ಲಿ, ಎಲ್ಲಕ್ಕೂ ಅದೇ ಹಳದಿ ತ್ರಿಕೋನ, ಎಲ್ಲದರಲ್ಲೂ ಎಂಟರ್ ಒತ್ತಿದರೆ ಓಕೆ.

‘ಇದು ಎಷ್ಟು ಸಲ ಬರತ್ತೆ?’

‘ಪ್ರತಿ ಫೈಲಿಗೂ ಬರತ್ತಣ್ಣ. ಒಳಗೆ ಒಂದಕ್ಷರಾನೂ ಹಾಕಿಲ್ದೇ ಇರೋ ಫಾಂಟಿಗೂ ಬರತ್ತೆ. ಎಲ್ಲಾ ಓದ್ತಾ ಕೂತ್ರೆ ದಿನಕ್ಕೆ ನಾಕು ಕೆಲಸಾನೂ ಮುಗಿಯಲ್ಲ.’

ಈಗ ಹೇಳಿ, ತಪ್ಪು ಯಾರದು?

ಒಂದು ವಿಷಯ ತಿಳ್ಕೊಳ್ಳಿ. ಕನ್ನಡ ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೂ ಇದೆ. ಆದರೆ ನಮ್ಮ ಅಚ್ಚಿನ ಲೋಕ ಬೆಳೆದದ್ದು ಅದರ ಮೇಲಲ್ಲ. ನುಡಿ, ಬರಹ, ಶ್ರೀಲಿಪಿಗಳ ಹಳೇ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರ ಕೂರಬೇಕಾದ ಮನೆಗಳಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನ ಕೂರಿಸಿದ್ದಾರೆ. ಅರ್ಕಾವತ್ತಿಗೂ ಅಲ್ಲಿ ಅದರದೇ ಒಂದು ಮನೆ. ಫಾಂಟ್ ಬದಲಾಗಿ ಆ ಮನೆ ಖಾಲಿ ಇದ್ದರೆ ಅರ್ಕಾವತ್ತು ಸದ್ದಿಲ್ಲದೆ ಮಾಯ. ಪುಟವೆಲ್ಲ ಕಲಸುಮೇಲೋಗರ ಆಗಿದ್ದರೆ ಯಾರ ಕಣ್ಣಿಗಾದರೂ ಬೀಳ್ತಿತ್ತು. ಇಲ್ಲಿ ಬಂದು ಕೂತದ್ದು ಅದೇ ಜಾತಿಯ ಇನ್ನೊಂದು ಫಾಂಟು. ನೂರಕ್ಕೆ ತೊಂಬತ್ತೈದು ಅಕ್ಷರ ಸರಿ, ಐದು ತಪ್ಪು. ಆ ಸಾಫ್ಟ್‌ವೇರ್‌ಗೆ ಅದು ಕನ್ನಡ ಅಂತಲೇ ಗೊತ್ತಿಲ್ಲ. ‘ಫಾಂಟ್ ಇಲ್ಲ’ ಅಂತು. ‘ನಿನ್ನ ಮುಹೂರ್ತ ಕೆಡತ್ತೆ’ ಅನ್ನಲಿಲ್ಲ. ಯಾವ ಸಾಲು ಬದಲಾಗಿದೆ ಅಂತ ಬೆರಳು ತೋರಿಸಲಿಲ್ಲ. ನಿಜವಾದ ಅಪಾಯವನ್ನ ಆರು ಸುಳ್ಳು ಅಪಾಯಗಳ ನಡುವೆ ಬಚ್ಚಿಟ್ಟು, ಓಕೆ ಒತ್ತಿಸ್ಕೊಂಡು, ಕೈ ತೊಳ್ಕೊಂಡಿತು.

ನನ್ನ ತಕರಾರು ಇರೋದು ಇಲ್ಲೇ. ಇಂಥ ಪಾಪ್‌ಅಪ್ ಎಚ್ಚರಿಕೆಯಲ್ಲ, ಜಾಮೀನು. ಅದನ್ನ ಹಾಕೋದು ನಿಮ್ಮನ್ನ ಕಾಪಾಡೋಕಲ್ಲ, ಸಾಫ್ಟ್‌ವೇರ್ ಮಾಡಿದವನನ್ನ ಕಾಪಾಡೋಕೆ. ಮ್ಯೂಚುಯಲ್ ಫಂಡ್ ಜಾಹೀರಾತಿನ ಕೊನೆಯಲ್ಲಿ ಹಿಂದೆಲ್ಲ ಒಬ್ಬ ಒಂದೇ ಉಸಿರಲ್ಲಿ ‘ಮಾರುಕಟ್ಟೆಯ ಅಪಾಯಗಳಿಗೆ’ ಅಂತ ಒದರ್ತಿದ್ದನಲ್ಲ, ಅದೇ ವಂಶ. ಯಾರಿಗೂ ಕೇಳಿಸಬಾರದು, ಆದರೆ ಹೇಳಿದ್ದೀವಿ ಅಂತ ದಾಖಲೆ ಇರಬೇಕು.

ಇದನ್ನ ಇಷ್ಟು ಖಚಿತವಾಗಿ ಹೇಗೆ ಹೇಳ್ತೀನಿ ಅಂದರೆ, ಇಂಥವನ್ನ ನಾನೇ ಬರೆದಿದ್ದೀನಿ. ಮೀಟಿಂಗ್‌ನಲ್ಲಿ ಒಂದು ಬಗ್ ಚರ್ಚೆಗೆ ಬರತ್ತೆ. ಸರಿ ಮಾಡೋಕೆ ಮೂರು ವಾರ ಬೇಕು, ರಿಲೀಸ್ ಶುಕ್ರವಾರ. ಯಾರೋ ಅಂತಾರೆ, ‘ಸದ್ಯಕ್ಕೆ ಒಂದು ವಾರ್ನಿಂಗ್ ಹಾಕ್ಬಿಡಿ.’ ಅರ್ಧ ಗಂಟೆ ಕೆಲಸ. ಟಿಕೆಟ್ ಕ್ಲೋಸ್. ಬಗ್ ಇದ್ದಲ್ಲೇ ಇರತ್ತೆ, ಅದರ ಭಾರ ಮಾತ್ರ ನಮ್ಮ ತಲೆಯಿಂದ ಇಳಿದು, ಯಾವುದೋ ಊರಿನ ಯಾವುದೋ ಹುಡುಗನ ತಲೆ ಮೇಲೆ ಕೂರತ್ತೆ. ಆ ಹುಡುಗನ್ನ ನಾನು ನೋಡಿರಲಿಲ್ಲ. ಶಿಡ್ಲಘಟ್ಟದಲ್ಲಿ ನೋಡಿದೆ.

ಇದು ನಮ್ಮೂರಿನ ಪ್ರೆಸ್ಸಿನ ಕಥೆ ಮಾತ್ರ ಅಲ್ಲ. ವಿಂಡೋಸ್ 95ರಲ್ಲಿ ರೀಸೈಕಲ್ ಬಿನ್ ಬಂತು. ಅಳಿಸಿದ್ದನ್ನ ವಾಪಸ್ ತೆಗೀಬಹುದು ಅನ್ನೋದೇ ಅದರ ಅರ್ಥ. ಆದರೂ ಪ್ರತಿ ಸಲ ‘ಖಂಡಿತಾನಾ?’ ಅಂತ ಕೇಳೋದು. 2012ರಲ್ಲಿ ವಿಂಡೋಸ್ 8 ಬಂದಾಗ, ಅಂದರೆ 17 ವರ್ಷ ಆದ ಮೇಲೆ, ಆ ಪ್ರಶ್ನೆ ತಾನಾಗೇ ಬರೋದು ನಿಂತಿತು. 2007ರ ವಿಸ್ಟಾ ಅಂತೂ ಮಾತೆತ್ತಿದರೆ ಅನುಮತಿ ಕೇಳ್ತಿತ್ತು. ಜನ ನಕ್ಕರು, ಬೈದರು, ಅದನ್ನ ಆಫ್ ಮಾಡಿದರು. ಎರಡು ವರ್ಷಕ್ಕೆ ವಿಂಡೋಸ್ 7ರಲ್ಲಿ ಕಂಪನಿಯೇ ಅದನ್ನ ಕಡಿಮೆ ಮಾಡಿತು.

ಇವು ಬರೀ ಕಿರಿಕಿರಿ. ಥೆರಾಕ್-25 ಹಾಗಲ್ಲ. ಅದು ಕೆನಡಾದಲ್ಲಿ ತಯಾರಾದ, ಕ್ಯಾನ್ಸರ್‌ಗೆ ವಿಕಿರಣ ಕೊಡೋ ಯಂತ್ರ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ರೋಗಿಗಳಿಗೆ ಅದು ವಿಪರೀತ ವಿಕಿರಣ ಸುರಿಯಿತು. ಕೆಲವರು ಸತ್ತರು. ಮೂಲದಲ್ಲಿ ಇದ್ದದ್ದು ಸಾಫ್ಟ್‌ವೇರ್ ದೋಷ. ಆದರೆ 1986ರಲ್ಲಿ ಟೆಕ್ಸಸ್‌ನ ಆಸ್ಪತ್ರೆಯೊಂದರಲ್ಲಿ ಪರದೆ ಮೇಲೆ ಬಂದದ್ದು ಇಷ್ಟೇ: ‘ಮಾಲ್‌ಫಂಕ್ಷನ್ 54’. ಅದರರ್ಥ ಏನು ಅಂತ ಯಂತ್ರದ ಜೊತೆ ಬಂದ ಪುಸ್ತಕದಲ್ಲೂ ಇರಲಿಲ್ಲ. ಇಂಥ ಸಂದೇಶಗಳು ಸಣ್ಣಪುಟ್ಟದ್ದಕ್ಕೂ ಬರ್ತಿದ್ದರಿಂದ ಸಿಬ್ಬಂದಿಗೆ ರೂಢಿಯಾಗಿತ್ತು. ಮುಂದುವರಿಸೋಕೆ ‘ಪಿ’ ಕೀ ಒತ್ತಿದರು. ಒಳಗೆ ಮಲಗಿದ್ದ ರೋಗಿಗೆ ಎರಡನೇ ಸಲ ಪೆಟ್ಟು ಬಿತ್ತು. ಆ ‘ಪಿ’ಗೂ ನಮ್ಮ ಹುಡುಗನ ‘ಓಕೆ’ಗೂ ಏನು ವ್ಯತ್ಯಾಸ? ರೂಢಿ ಒಂದೇ. ಆ ರೂಢಿ ಮಾಡಿಸಿದ್ದು ಬೆರಳಲ್ಲ, ಯಂತ್ರ.

‘ಹಾಗಾದ್ರೆ ಎಚ್ಚರಿಕೆಯೇ ಬೇಡ್ವಾ?’ ಅಂತ ಕೇಳ್ತೀರಿ. ಬೇಕು. ಹೇಗಿರಬೇಕು ಅಂತ ನಾನು ಕಲಿತದ್ದು ಬಿಇ ಓದುವಾಗಲ್ಲ, ಮನೆಯ ಹುಳ ಸಾಕೋ ಕೋಣೆಯಲ್ಲಿ. ರೇಷ್ಮೆ ಹುಳಕ್ಕೆ ಒಂದು ಬೆಳೆಯಲ್ಲಿ ನಾಲ್ಕು ಜ್ವರ, ಅಂದರೆ ಪೊರೆ ಬಿಡೋ ಹೊತ್ತು. ಆಗ ಅದು ತಿನ್ನಲ್ಲ. ಅಮ್ಮ ಹೇಳೋದು, ‘ಹುಳ ಜ್ವರಕ್ಕೆ ಕೂತವೆ, ಸೊಪ್ಪು ಹಾಕ್ಬೇಡ, ಸುಣ್ಣ ಉದುರಿಸು.’ ಬೆಳೆಗೆ ನಾಲ್ಕೇ ಸಲ ಆ ಮಾತು. ಇನ್ನೊಂದಿತ್ತು: ‘ಪಕ್ಕದ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡ್ದವ್ರೆ, ಆ ಬದಿ ಸೊಪ್ಪು ಕೊಯ್ಬೇಡ, ಈ ಕಡೆದು ಕೊಯ್ಯಿ.’ ಏನಾಗಿದೆ, ಎಲ್ಲಾಗಿದೆ, ಈಗ ನಾನೇನು ಮಾಡಬೇಕು, ಮೂರೂ ಒಂದೇ ವಾಕ್ಯದಲ್ಲಿ. ಅಮ್ಮ ದಿನಾ ಕೋಣೆಗೆ ಕಾಲಿಟ್ಟಾಗೆಲ್ಲ ‘ಹುಷಾರು, ಹುಷಾರು’ ಅಂದಿದ್ದರೆ, ಔಷಧಿ ಹೊಡೆದ ದಿನವೂ ನಾನು ಅದೇ ಬದಿ ಸೊಪ್ಪು ತಂದು ಹಾಕಿ ಅಷ್ಟೂ ಹುಳ ಕೊಲ್ತಿದ್ದೆ.

ಅಮ್ಮನ ಲೆಕ್ಕವನ್ನೇ ಸಾಫ್ಟ್‌ವೇರ್‌ಗೆ ಹಾಕಿ. ವಾಪಸ್ ತರೋಕೆ ಆಗೋ ಕೆಲಸವಾ? ಹಾಗಿದ್ದರೆ ಕೇಳಲೇಬೇಡ, ಮಾಡು, ಅನ್‌ಡೂ ಕೊಡು. ಜಿಮೇಲ್ ‘ಕಳಿಸಲಾ?’ ಅಂತ ಕೇಳಲ್ಲ. ಕಳಿಸಿದ ಮೇಲೆ ಹಿಂದಕ್ಕೆಳೆಯೋಕೆ ಕೆಲವು ಸೆಕೆಂಡ್ ಕೊಡತ್ತೆ. ನನ್ನ ಕೈಲಿ ಏನೂ ಮಾಡೋಕಾಗದ ವಿಷಯವಾ? ಹಾಗಿದ್ದರೆ ನನ್ನ ಕೈ ಕಟ್ಟಿ ನಿಲ್ಲಿಸಬೇಡ, ಒಂದು ಮೂಲೆಯಲ್ಲಿ ಬರೆದಿಡು. ನಿಜಕ್ಕೂ ಕೆಡತ್ತಾ? ಹಾಗಿದ್ದರೆ ಕೆಡೋ ಜಾಗದಲ್ಲೇ ತೋರಿಸು. ಇನ್‌ಡಿಸೈನ್ ಫಾಂಟ್ ಸಿಗದ ಅಕ್ಷರಗಳ ಹಿಂದೆ ಪುಟದ ಮೇಲೇ ಗುಲಾಬಿ ಬಣ್ಣ ಬಳಿಯತ್ತೆ. ಆ ಹುಡುಗನಿಗೆ ಬೇಕಿದ್ದದ್ದು ಅಷ್ಟೇ. ಮುಹೂರ್ತದ ಸಾಲಿಗೆ ಬಣ್ಣ ಬಂದಿದ್ದರೆ ಅವನೇನು ಕುರುಡನಾ?

‘ಹೊಸ ಸಾಫ್ಟ್‌ವೇರ್ ತಗೊಳ್ಲಿ, ಯೂನಿಕೋಡ್‌ಗೆ ಬರ್ಲಿ’ ಅನ್ನೋರೂ ಇದ್ದಾರೆ. ಬರಬೇಕು, ಒಪ್ತೀನಿ. ಆದರೆ ಇಪ್ಪತ್ತು ವರ್ಷದ ಹಳೇ ಫೈಲುಗಳನ್ನ ಇಟ್ಕೊಂಡು, ಕಡಿಮೆ ದುಡ್ಡಿಗೆ ಅಚ್ಚು ಹಾಕಿಕೊಡೋ ಪ್ರೆಸ್ಸಿಗೆ ತಿಂಗಳ ಚಂದಾ ಕಟ್ಟು ಅನ್ನೋದು ಬೆಂಗಳೂರಿನ ಎಸಿ ರೂಮಿನಲ್ಲಿ ಕೂತು ಹೇಳೋ ಮಾತು. ಇರೋದರಲ್ಲೇ ಸರಿಯಾಗಿ ಮಾತಾಡೋದನ್ನ ನಾವು ಕಲೀಬಹುದಿತ್ತು.

ಪತ್ರಿಕೆ ಮತ್ತೆ ಅಚ್ಚಾಯ್ತು. ಮಾಲೀಕರಿಗೆ ಇಷ್ಟೆಲ್ಲ ವಿವರಿಸಿದೆ. ‘ಅದೆಲ್ಲ ಸರಿ ಸಾರ್, ಪೇಪರ್ ದುಡ್ಡು ಯಾರು ಕೊಡ್ತಾರೆ?’ ಅಂದರು. ಅವರ ಪ್ರಶ್ನೆಯೂ ತಪ್ಪಲ್ಲ. ಹುಡುಗನ ಸಂಬಳ ಮುಟ್ಟಬೇಡಿ ಅಂತ ಅರ್ಧ ನಾನು ಕೊಟ್ಟೆ, ಅರ್ಧ ಅವರು ಬಿಟ್ಟರು. ದಾನ ಅಂತ ಕೊಟ್ಟದ್ದಲ್ಲ. ಇಷ್ಟು ವರ್ಷ ನಾನು ಬರೆದ ಪಾಪ್‌ಅಪ್‌ಗಳಿಗೆ ಎಲ್ಲೆಲ್ಲಿ ಯಾರ್‍ಯಾರು ದಂಡ ಕಟ್ಟಿದಾರೋ, ಅದರಲ್ಲಿ ಒಂದು ಕಂತು.

ಇದನ್ನ ಓದ್ತಿರೋರಲ್ಲಿ ಅರ್ಧಕ್ಕರ್ಧ ಜನ ನನ್ನ ಕಸುಬಿನವರೇ. ಸೋಮವಾರ ಆಫೀಸಿಗೆ ಹೋದಾಗ ನಿಮ್ಮ ಕೋಡಲ್ಲಿ ಇರೋ ಪಾಪ್‌ಅಪ್‌ಗಳಲ್ಲಿ ಒಂದನ್ನ ಹುಡುಕಿ, ಕಿತ್ತು ಹಾಕಿ. ಅದರ ಹಿಂದೆ ಒಂದು ಬಗ್ ಅಡಗಿ ಕೂತಿರತ್ತೆ, ಅದನ್ನ ಸರಿ ಮಾಡಿ. ಮುಂದಿನ ಮೀಟಿಂಗ್‌ನಲ್ಲಿ ಯಾರಾದರೂ ‘ಒಂದು ವಾರ್ನಿಂಗ್ ಹಾಕ್ಬಿಡಿ’ ಅಂದರೆ, ಓಕೆ ಅನ್ನಬೇಡಿ.