ಮಕ್ಕಳಿಗೆ ಎಂಥ ದೆವ್ವ ತೋರಿಸಬೇಕು?

ಮಾನಮಿ ಅಮಾಸಿಯಿಂದ ದೀಪಾವಳಿ ಅಮಾಸಿಯ ತನಕ ನಮ್ಮ ಮುಳವಾಡದ ಕಡೆ ದೆವ್ವಗಳಿಗೆ ಸುಗ್ಗಿ. ಹಿರಿಯರಿಗೆ ಎಡೆ ಇಡುವುದು, ಮೂರು ದಾರಿ ಕೂಡುವಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಬೀಳುವುದು, ಅದನ್ನು ದಾಟಬಾರದೆಂದು ಸಾಲಿಗೆ ಹೊರಟ ಹುಡುಗರು ರಸ್ತೆ ಬಿಟ್ಟು ಹೊಲದ ಬದುವಿಗೆ ಇಳಿಯುವುದು, ಎಲ್ಲ ಈ ದಿನಗಳಲ್ಲೇ. ದಸರಾ ರಜೆಯೂ ಆಗಲೇ. ಪುಣೆ, ಬೆಂಗಳೂರಿನಿಂದ ಬಂದ ಮೊಮ್ಮಕ್ಕಳು ತಮ್ಮ ಅಪಾರ್ಟ್‌ಮೆಂಟಿನ ಹ್ಯಾಲೋವೀನ್ ಸುದ್ದಿ ತರುತ್ತವೆ. ಇಲ್ಲಿಯ ಹುಡುಗರ ಹತ್ತಿರ ಊರ ದೆವ್ವಗಳ ದಾಸ್ತಾನು ಮೊದಲೇ ಇರುತ್ತದೆ.

ಪ್ರಾಥಮಿಕ ಸಾಲಿಯ ಅಕ್ಕೋರಾಗಿ ನಿವೃತ್ತಳಾದ ಮೇಲೂ ನನಗೆ ಒಂದು ಕೆಲಸ ಅಂಟಿಕೊಂಡಿದೆ. ಬ್ಯಾಗಿಲ್ಲದ ಶನಿವಾರ ಮಕ್ಕಳಿಗೆ ತೋರಿಸುವ ಸಿನಿಮಾ ಆರಿಸಿ ಕೊಡುವುದು. ಈ ಹಂಗಾಮಿನಲ್ಲಿ ಮಕ್ಕಳ ಬೇಡಿಕೆ ಒಂದೇ: "ದೆವ್ವದ ಪಿಚ್ಚರ್ ಹಚ್ರಿ ಅಕ್ಕೋರ." ತಾಯಂದಿರದು ಅದರ ತಿರುವುಮುರುವು: "ಅದೊಂದು ಬ್ಯಾಡ್ರಿ, ರಾತ್ರಿ ಹೊರಗ ಹೋಗಾಕ ಅಂಜ್ತಾವು." ನಾನು ಮಕ್ಕಳ ಪಕ್ಷ. ದೆವ್ವದ್ದೇ ತೋರಿಸಬೇಕು. ಎಂಥ ದೆವ್ವ, ಯಾರ ಮಗ್ಗುಲಲ್ಲಿ ಕುಳಿತು ಎನ್ನುವುದನ್ನು ಮಾತ್ರ ದೊಡ್ಡವರು ಕೂತು ಯೋಚಿಸಬೇಕು.

ಯಾಕೆಂದರೆ ನಾವು ತೋರಿಸದಿದ್ದರೆ ಮಕ್ಕಳು ದೆವ್ವ ನೋಡದೆ ಇರುತ್ತಾರೆ ಎನ್ನುವುದು ಸುಳ್ಳು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಕಡೆಯ ಎಷ್ಟೋ ಮನೆಗಳಲ್ಲಿ ತಂದೆತಾಯಿ ಗೋವಾಕ್ಕೊ ಪುಣೆಗೊ ದುಡಿಯಲು ಹೋಗಿರುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ. ಅಜ್ಜಿಗೆ ಕಣ್ಣು ಮಂದ, ಮೊಬೈಲು ಹುಡುಗನ ಕೈಯಲ್ಲಿ. ಅದರೊಳಗೆ 'ಸಿಸಿಟಿವಿಯಲ್ಲಿ ಸೆರೆಯಾದ ಅಸಲಿ ದೆವ್ವ' ಎಂಬ ಅರ್ಧ ನಿಮಿಷದ ರೀಲು: ಕತ್ತಲೆಯ ಹೆದ್ದಾರಿ, ಬಿಳಿ ಸೀರೆ, ತಟ್ಟನೆ ಪರದೆ ತುಂಬ ಒಂದು ಮುಖ, ಒಂದು ಚೀರು. ಯಾರ ದೆವ್ವ, ಯಾಕೆ ಬಂತು, ಆಮೇಲೆ ಎಲ್ಲಿಗೆ ಹೋಯಿತು, ಏನೂ ಇಲ್ಲ. ಕಥೆ ಮುಗಿದರೆ ತಾನೇ ದೆವ್ವ ಮನೆಗೆ ಹೋಗುವುದು? ಇದು ಹುಡುಗನ ಹಾಸಿಗೆಯಲ್ಲೇ ಉಳಿಯುತ್ತದೆ.

ಅಂಜಿಕೆಯ ಸುಖ ನಮ್ಮ ಜಿಲ್ಲೆಯ ಮಕ್ಕಳಿಗೆ ಹೊಸದಲ್ಲ. ಸಾಲಿಯಿಂದ ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದವರಿಗೆ ಗೊತ್ತು. ಮೂಲೆಯ ಏಳು ಅಂತಸ್ತಿನ ಮಿನಾರಿನೊಳಗಿನ ಇಕ್ಕಟ್ಟು ಮೆಟ್ಟಿಲಲ್ಲಿ, ಕತ್ತಲಲ್ಲಿ, ಮುಂದಿನವನ ಅಂಗಿ ಹಿಡಿದು ಹತ್ತುತ್ತಾರೆ. ಮೇಲೆ ಹೋಗಿ ಒಂದು ಕೂಗು ಹಾಕಿದರೆ ಗುಮ್ಮಟ ಅದನ್ನು ಮತ್ತೆ ಮತ್ತೆ ತಿರುಗಿಸಿ ಒಗೆಯುತ್ತದೆ. ಮೊದಲು ಬೆಚ್ಚುತ್ತಾರೆ, ಆಮೇಲೆ ನಗುತ್ತಾರೆ, ಆಮೇಲೆ ಇಳಿಯಲು ಒಲ್ಲೆ ಅನ್ನುತ್ತಾರೆ. ಅದೇ ಪ್ರವಾಸದಲ್ಲಿ ಯಾರೋ ಹುಮ್ಮಸ್ಸಿನಲ್ಲಿ ಸಾಠ್ ಕಬರಿನ ಕಥೆ, ಅಫಜಲಖಾನ ತನ್ನ ಹೆಂಡಂದಿರನ್ನೆಲ್ಲ ಕೊಂದನೆಂಬ ಕಥೆ ಎತ್ತಿದರೆ ವಾಪಸು ಬರುವ ಬಸ್ಸೆಲ್ಲ ಗಪ್ಪಾಗುತ್ತದೆ. ಅಲ್ಲಿ ದೆವ್ವವೇ ಇಲ್ಲ, ನೋಡಿ. ಮನೆಯ ಯಜಮಾನನೇ ಕೊಂದ ಎನ್ನುವುದು ಮಗುವಿಗೆ ಯಾವ ದೆವ್ವಕ್ಕಿಂತ ದೊಡ್ಡದು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋಆನ್ ಕ್ಯಾಂಟರ್ ಮಕ್ಕಳ ಇಂಥ ಅಂಜಿಕೆಯನ್ನೇ ವರ್ಷಗಟ್ಟಲೆ ಅಭ್ಯಾಸ ಮಾಡಿದವರು. ಬಾಲವಾಡಿಯ ವಯಸ್ಸಿನವರು ರೂಪಕ್ಕೆ ಅಂಜುತ್ತಾರೆ. ಟಿವಿಯ ಹಲ್ಕ್ ಒಳ್ಳೆಯವನೇ ಆದರೂ ಮನುಷ್ಯ ಇದ್ದಕ್ಕಿದ್ದಂತೆ ಹಸಿರು ರಾಕ್ಷಸನಾಗುವುದು ಅವರಿಗೆ ತಡೆಯದು. ದೊಡ್ಡ ಮಕ್ಕಳು ನಿಜವಾಗಿ ಆಗಬಹುದಾದದ್ದಕ್ಕೆ ಅಂಜುತ್ತಾರೆ. ಸಣ್ಣವರಿಗೆ 'ಅದೆಲ್ಲ ಸುಳ್ಳು' ಎಂದು ತಿಳಿಸಿ ಹೇಳುವುದಕ್ಕಿಂತ ಹೊದಿಕೆ ಹೊಚ್ಚಿ, ತಿನ್ನಲು ಏನಾದರೂ ಕೊಟ್ಟು, ಹತ್ತಿರ ಕೂಡಿಸಿಕೊಳ್ಳುವುದು ಕೆಲಸ ಮಾಡುತ್ತದಂತೆ. ಕೌದಿ ಮತ್ತು ಶೇಂಗಾ ಎಂದು ನಮ್ಮ ಅವ್ವ ಇದನ್ನು ಎಂದೋ ಕಂಡುಕೊಂಡಿದ್ದಳು. ದೊಡ್ಡಾಟದ ರಾಕ್ಷಸ ಕೂಗು ಹಾಕುತ್ತ ಬರುವ ಹೊತ್ತಿಗೆ ಎರಡನ್ನೂ ತಯಾರು ಇಟ್ಟುಕೊಂಡಿರುತ್ತಿದ್ದಳು.

ಸರ್ಟಿಫಿಕೇಟು ನೋಡಿದರೆ ಸಾಲದೇ ಎನ್ನುವವರಿದ್ದಾರೆ. 2024ರ ನಿಯಮದಂತೆ ಯುಎ ಈಗ ಏಳು, ಹದಿಮೂರು, ಹದಿನಾರು ವರ್ಷವೆಂದು ಮೂರು ಹೋಳಾಗಿದೆ, ಒಳ್ಳೆಯದೇ. ಆದರೆ ಸೆನ್ಸಾರ್ ಮಂಡಳಿಗೆ ನಮ್ಮ ಮೂರನೇತ್ತೆಯ ಹುಡುಗಿಯ ಅವ್ವ ಊರಲ್ಲಿಲ್ಲ ಎಂಬುದು ಗೊತ್ತಿರುವುದಿಲ್ಲ.

ನನ್ನ ಮೊದಲ ಆಯ್ಕೆ ಸತ್ಯಜಿತ್ ರಾಯರ 'ಗೂಪಿ ಗಾಯ್ನೆ ಬಾಘಾ ಬಾಯ್ನೆ'. 1969ರದು, ಬಂಗಾಳಿ, ಹೆಚ್ಚುಕಡಿಮೆ ಪೂರಾ ಕಪ್ಪುಬಿಳುಪು. ಇದನ್ನು ಕೇಳಿದ ಕೂಡಲೇ ಮಾಸ್ತರುಗಳು ಮುಖ ಸಿಂಡರಿಸುತ್ತಾರೆ. ರಾಯರ ಅಜ್ಜ ಉಪೇಂದ್ರಕಿಶೋರರು ಬರೆದ ಮಕ್ಕಳ ಕಥೆ ಅದು. ಹಾಡಲು ಬಾರದ ಗೂಪಿಯನ್ನು ರಾಜ ಕತ್ತೆಯ ಮೇಲೆ ಕೂಡಿಸಿ ಊರು ಬಿಡಿಸುತ್ತಾನೆ. ಬಾರಿಸಲು ಬಾರದ ಬಾಘಾನ ಗತಿಯೂ ಅದೇ. ಇಬ್ಬರೂ ಕಾಡಿನಲ್ಲಿ ದೆವ್ವಗಳ ನಡುವೆ ಸಿಕ್ಕಿಬೀಳುತ್ತಾರೆ. ದೆವ್ವಗಳೋ, ಇವರಿಗೆ ಏನೂ ಮಾಡದೆ ಕುಣಿಯತೊಡಗುತ್ತವೆ: ರಾಜರ ದೆವ್ವ, ರೈತಾಪಿ ದೆವ್ವ, ಟೋಪಿಯ ಸಾಹೇಬರ ದೆವ್ವ, ಢೊಳ್ಳು ಹೊಟ್ಟೆಯ ದೆವ್ವ. ಆ ಕುಣಿತಕ್ಕೆ ರಾಯರು ಹಾಕಿದ್ದು ನಮ್ಮ ದಕ್ಷಿಣದ ತಾಳವಾದ್ಯಗಳನ್ನು, ಮೃದಂಗ, ಘಟ, ಖಂಜಿರ, ಮೋರ್ಸಿಂಗ್. ಹಾಗಾಗಿ ಭಾಷೆ ಬಾರದಿದ್ದರೂ ಮಕ್ಕಳ ಕಾಲು ತಾವೇ ಅಲುಗುತ್ತವೆ. ಕೊನೆಗೆ ದೆವ್ವಗಳ ರಾಜ ಮೂರು ವರ ಕೊಡುತ್ತಾನೆ.

ನಾನು ಟಿವಿಯ ಮಗ್ಗುಲಿಗೆ ನಿಂತು ಮಾತನ್ನೆಲ್ಲ ನಮ್ಮ ಮಾತಿನಲ್ಲಿ ಹೇಳುತ್ತ ಹೋಗುತ್ತೇನೆ. ಇಬ್ಬರೂ ಗೋಪ್ಯಾ, ಬಾಗ್ಯಾ ಆಗಿಬಿಟ್ಟಿದ್ದಾರೆ. ಪರಸ್ಪರ ಕೈ ತಟ್ಟಿದರೆ ಬೇಕಾದ ಊಟ ಬರುವುದು ಒಂದು ವರ. ಮುಂದಿನ ಸೋಮವಾರ ಬಿಸಿಯೂಟಕ್ಕೆ ತಾಟು ಹಿಡಿದು ಕುಳಿತ ಸಾಲಿಗೆ ಸಾಲೇ ಕೈ ಕೈ ತಟ್ಟಿ "ಹೋಳಗಿ ಬರ್ಲಿ" ಎಂದು ಕೂಗಿತು. ಬಂದದ್ದು ಅನ್ನ, ಸಾರು. ಅಡುಗೆಯವರು ನನ್ನ ಮೇಲೆ ಇನ್ನೂ ಸಿಟ್ಟಾಗಿದ್ದಾರೆ.

ಜಪಾನಿನ ಮಿಯಾಝಾಕಿಯವರ 'ಮೈ ನೇಬರ್ ಟೊಟೊರೊ' (1988) ಎಲ್ಲರೂ ಹೇಳುವ ಹೆಸರು, ಸಣ್ಣವರಿಗೆ ನಿಜಕ್ಕೂ ಚೆನ್ನ. ಹಳೆಯ ಮನೆಯ ಕತ್ತಲಲ್ಲಿ ಮಸಿಯ ಉಂಡೆಗಳು ಪರಾರಿಯಾಗುತ್ತವೆ. ರಾತ್ರಿ ಗಾಳಿ ಬಡಿದಾಗ ಅಪ್ಪ, ಜೋರಾಗಿ ನಕ್ಕುಬಿಡಿ, ಅಂಜಿಸುವುದು ಓಡಿಹೋಗುತ್ತದೆ ಎಂದು ತಾನೇ ನಗಲು ಶುರು ಮಾಡುತ್ತಾನೆ. ಆದರೆ ಅದರಲ್ಲಿ ತಾಯಿ ದವಾಖಾನೆಯಲ್ಲಿದ್ದಾಳೆ. ಅಲ್ಲಿಂದ ತಂತಿ ಬರುವ ಹೊತ್ತಿಗೆ ನನ್ನ ಹತ್ತಿರ ಕುಳಿತಿದ್ದ ಹುಡುಗಿ ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದವಳು, ತಾಯಿ ನಗುವುದು ಕಂಡ ಮೇಲೇ ಬಿಟ್ಟಳು. ಟೊಟೊರೊ ಬಾಯಿ ತೆರೆದು ಗರ್ಜಿಸಿದಾಗ ಅವಳಿಗೆ ಏನೂ ಆಗಿರಲಿಲ್ಲ. ತಾಯಿ ದೂರವಿರುವ ಮಗುವನ್ನು ಈ ಸಿನಿಮಾಕ್ಕೆ ಒಂಟಿಯಾಗಿ ಕೂಡಿಸಬೇಡಿ.

'ಕೊಕೊ' (2017) ಐದನೇತ್ತೆಯ ಮೇಲಿನವರಿಗೆ. ಸತ್ತ ಹಿರಿಯರು ವರ್ಷಕ್ಕೊಮ್ಮೆ ಚೆಂಡುಹೂವಿನ ಸೇತುವೆ ದಾಟಿ ಮನೆಗೆ ಬರುತ್ತಾರೆ, ಫೋಟೊ ಇಟ್ಟು ಎಡೆ ಇಟ್ಟರೆ ಮಾತ್ರ. ಮೆಕ್ಸಿಕೊ ಎಲ್ಲಿದೆಯೆಂದು ನಕಾಶೆಯಲ್ಲಿ ತೋರಿಸುವ ಮೊದಲೇ "ನಮ್ಮ ಮುತ್ಯಾಗೂ ಹಿಂಗ ಇಡ್ತೀವ್ರಿ" ಅಂದರು. 'ಭೂತನಾಥ್' ಮಕ್ಕಳಿಗೆ ಹಿಡಿಸುತ್ತದೆ, ನನಗೆ ಕೊನೆಯ ಭಾಗ ಎಳೆದಂತೆನಿಸುತ್ತದೆ. 'ಆಪ್ತಮಿತ್ರ'ವನ್ನು ಟಿವಿಯಲ್ಲಿ ಮನೆಮಂದಿಯೆಲ್ಲ ನೋಡುತ್ತಾರೆ, ಗೊತ್ತು. ನಾಗವಲ್ಲಿಯಾಗುವುದು ಮನೆಯೊಳಗಿನ ಹೆಣ್ಣುಮಗಳೇ ಎನ್ನುವುದು ಆರು ವರ್ಷದವರಿಗೆ ಭಾರ. ಇನ್ನು ನಾಕು ವರ್ಷ ತಡೆಯಿರಿ, ಅದೇನು ಓಡಿಹೋಗುವುದಿಲ್ಲ.

ದೊಡ್ಡ ಹುಡುಗರಿಗೆ ನಾನು ತೋರಿಸುವುದು ವಿಶಾಲ್ ಭಾರದ್ವಾಜರ ಮೊದಲ ಚಿತ್ರ 'ಮಕ್ಡೀ' (2002). ಪಾಳುಬಂಗಲೆಯ ಮಾಟಗಾತಿಯಾಗಿ ಶಬಾನಾ ಆಜ್ಮಿ. ಅವಳಿ ಮಕ್ಕಳಲ್ಲಿ ತುಂಟಿಯಾದ ಚುನ್ನಿಯಿಂದಾಗಿ ಮುನ್ನಿ ಆ ಬಂಗಲೆಗೆ ಹೋಗಿ ಕೋಳಿಯಾಗಿಬಿಡುತ್ತಾಳೆ. ಅವಳನ್ನು ಬಿಡಿಸಲು ಚುನ್ನಿ ನೂರು ಕೋಳಿ ತಂದುಕೊಡಬೇಕು. ಹಿಂದಿ ನಮ್ಮ ಹುಡುಗರಿಗೆ ಓಣಿಯ ಮಾತಿನಿಂದಲೇ ಬರುತ್ತದೆ, ನಾನು ಬಾಯಿ ಬಿಡುವ ಕೆಲಸವಿಲ್ಲ. ಕೊನೆಗೆ ಮಾಟಗಾತಿ ಬರೀ ಮೋಸಗಾತಿ, ನಿಧಿಯ ಆಸೆಗೆ ಊರವರನ್ನು ದೂರ ಇಡಲು ವೇಷ ಹಾಕಿದವಳು ಎಂದು ಬಯಲಾಗುತ್ತದೆ. ಅದು ಬಯಲಾದ ಹೊತ್ತಿಗೆ ಆರನೇತ್ತೆಯ ಒಬ್ಬ ಎದ್ದು ನಿಂತ. "ಹಂಗಾರ ಹಳ್ಳದ ಹುಣಸಿಮರದಾಗ ಇರೋದು ಯಾರ್ರಿ ಅಕ್ಕೋರ?" ಆ ಮರದ ಹತ್ತಿರ ಹೊತ್ತು ಮುಳುಗಿದ ಮೇಲೆ ಯಾರೂ ಹೋಗಬಾರದೆಂಬುದು ಊರ ಮಾತು. ನೋಡಿ ಬಂದು ಹೇಳು, ಹಗಲು ಹೋಗು, ಒಬ್ಬನೇ ಹೋಗಬೇಡ ಎಂದೆ. ರವಿವಾರ ಗುಂಪು ಕಟ್ಟಿಕೊಂಡು ಹೋಗಿ ಬಂದವರ ಜೇಬಿನಲ್ಲಿ ಇಸ್ಪೀಟಿನ ಎಲೆಗಳಿದ್ದವು, ಮರದ ಬುಡದಲ್ಲಿ ಖಾಲಿ ಸಾರಾಯಿ ಪಾಕೀಟು ಬೇಕಾದಷ್ಟು ಬಿದ್ದಿದ್ದವಂತೆ. ಆಟಗಾರರು ಯಾರ್ಯಾರು ಎಂದು ಹುಡುಗರಿಗೆ ಈಗ ಅನುಮಾನ ಶುರುವಾಗಿದೆ. ಅವರಲ್ಲೊಬ್ಬರು ಮೊನ್ನೆ ನನ್ನ ಮನೆಗೆ ಬಂದು, ಮಕ್ಕಳಿಗೆ ದೆವ್ವದ ಸಿನಿಮಾ ತೋರಿಸುವುದು ಸರಿಯಲ್ಲ ಎಂದು ಹೇಳಿ ಹೋದರು.