ಮುಖಕ್ಕೆ ಸಲ್ಲಬೇಕಾದ ಬೆಳಕು

ಚಿತ್ರವೊಂದಕ್ಕೆ ಎಷ್ಟು ಬೆಳಕು ತಕ್ಕುದೆಂಬುದನ್ನು ಕ್ಯಾಮರಾವೇ ನಿಶ್ಚಯಿಸಿಕೊಳ್ಳಲೆಂದು ಬಿಟ್ಟುಬಿಡುವುದು ಇಂದು ಸಾರ್ವತ್ರಿಕವಾದ ಅಭ್ಯಾಸವಾಗಿದೆ. ಆದರೆ ಅಡಕೆ ತೋಟದ ಗಾಢವಾದ ನೆರಳೂ ಗದ್ದೆಬಯಲಿನ ನೆತ್ತಿಯ ಬಿಸಿಲೂ ಒಂದಕ್ಕೊಂದು ತಾಗಿಯೇ ಇರುವ, ಗೌರವರ್ಣದ ಮಕ್ಕಳೂ ಕೃಷ್ಣವರ್ಣದ ಮಕ್ಕಳೂ ಶಾಲೆಯ ಒಂದೇ ಸಾಲಿನಲ್ಲಿ ನಿಲ್ಲುವ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ಈ ಅಭ್ಯಾಸವು ಕಲೆಗೂ ಒಪ್ಪದು, ನ್ಯಾಯಕ್ಕೂ ಒಪ್ಪದು. ಎಕ್ಸ್‌ಪೋಷರನ್ನು ತಾನೇ ವಿವೇಚಿಸಿ ನಿರ್ಣಯಿಸುವ ವಿದ್ಯೆಯನ್ನು ಇಲ್ಲಿ ಕ್ಯಾಮರಾ ಹಿಡಿಯುವ ಪ್ರತಿಯೊಬ್ಬರೂ ಕಲಿಯಲೇಬೇಕು.

ಕ್ಯಾಮರಾದೊಳಗಿನ ಮಾಪಕವು ಎದುರಿಗಿರುವ ವಸ್ತು ಯಾವುದೆಂಬುದನ್ನು ಅರಿಯದು. ಬಿದ್ದ ಬೆಳಕಿನಲ್ಲಿ ಸುಮಾರು 18 ಪ್ರತಿಶತವನ್ನು ಪ್ರತಿಫಲಿಸುವ ನಡುಬೂದು ಬಣ್ಣವೇ ಸಮಸ್ತ ವಸ್ತುಗಳ ಸರಾಸರಿಯೆಂಬ ಊಹೆಯೇ ಅದರ ಮೂಲಾಧಾರ. ಆದುದರಿಂದಲೇ ಮಾಗೋಡಿನಲ್ಲಿ ಧುಮುಕುವ ಬೇಡ್ತಿಯ ಬೆಳ್ನೊರೆಯನ್ನು ಅದು ಮಂಕು ಬೂದಿಗಿಳಿಸುತ್ತದೆ. ಪಕ್ಕದ ಒದ್ದೆ ಕರಿಬಂಡೆಯತ್ತ ತಿರುಗಿಸಿದರೆ ಅದನ್ನೂ ಅದೇ ಬೂದಿಗೇರಿಸುತ್ತದೆ. ಬಿಳಿಯದಕ್ಕೆ ಮಾಪಕ ಹೇಳಿದುದಕ್ಕಿಂತ ಹೆಚ್ಚು ಬೆಳಕು, ಕರಿಯದಕ್ಕೆ ಕಡಿಮೆ ಬೆಳಕು ಎಂಬ, ಮೇಲ್ನೋಟಕ್ಕೆ ವಿಪರೀತವೆನಿಸುವ ನಿಯಮ ಹುಟ್ಟಿದುದು ಹೀಗೆ. ಬಿಳಿಯ ಚಾಲಿಯನ್ನೂ ಕೆಂಪು ರಾಶಿ ಅಡಕೆಯನ್ನೂ ಒಂದೇ ಕಣ್ಣಿನಿಂದ ನೋಡಿ ದರ ಕಟ್ಟುವ ವರ್ತಕನನ್ನು ಶಿರಸಿಯ ಪೇಟೆ ಒಪ್ಪುವುದಿಲ್ಲ. ಯಂತ್ರದ ಅಂಥದೇ ತೀರ್ಪನ್ನು ಮಾತ್ರ ನಾವು ಪ್ರಶ್ನಿಸದೆ ಸ್ವೀಕರಿಸುತ್ತಿದ್ದೇವೆ.

ಜಲಪಾತದ ವಿಷಯದಲ್ಲಿ ಈ ದೋಷವು ಕೇವಲ ಕುಂದು. ಮನುಷ್ಯನ ಮುಖದ ವಿಷಯದಲ್ಲಿ ಅದು ಅನ್ಯಾಯ. ಪೂರ್ವ ಆಫ್ರಿಕದಿಂದ ಪೋರ್ಚುಗೀಸರ ಕಾಲದಲ್ಲಿ ದಾಸರಾಗಿ ಗೋವೆಗೆ ತರಲ್ಪಟ್ಟು, ಅಲ್ಲಿಂದ ಬಿಡಿಸಿಕೊಂಡು ಘಟ್ಟದ ಕಾಡುಗಳನ್ನು ಸೇರಿದವರ ಸಂತತಿಯಾದ ಸಿದ್ದಿಗಳು ಯಲ್ಲಾಪುರದ ಸುತ್ತ ತಲೆಮಾರುಗಳಿಂದ ಬಾಳುತ್ತಿದ್ದಾರೆ. ಬಿಳಿಯ ಅಂಗಿಗಳೂ ಹಿನ್ನೆಲೆಯ ಆಕಾಶವೂ ತುಂಬಿದ ಶಾಲೆಯ ಸಮೂಹಚಿತ್ರದಲ್ಲಿ ಮಾಪಕವು ಬೆಳಕನ್ನು ತಗ್ಗಿಸಿದೊಡನೆ ಸಿದ್ದಿ ಬಾಲಕಿಯ ಮುಖಲಕ್ಷಣಗಳು ಕತ್ತಲಲ್ಲಿ ಕರಗಿಹೋಗುತ್ತವೆ; ಅದೇ ಮುಖ ಚೌಕಟ್ಟನ್ನೆಲ್ಲ ತುಂಬಿದರೆ ಮಾಪಕವು ಬೆಳಕನ್ನು ಏರಿಸಿ, ಅವಳ ಮೈಬಣ್ಣದ ಸಹಜವಾದ ಕಾಂತಿಯನ್ನು ಬೂದಿ ಬಳಿದಂತೆ ಕೆಡಿಸುತ್ತದೆ. ಹೊಸ ಯಂತ್ರಗಳು ಮುಖವನ್ನು ಗುರುತಿಸಬಲ್ಲವು, ನಿಜ. ಆದರೆ ಆ ಮುಖದ ನಿಜವರ್ಣ ಯಾವುದೆಂಬುದಕ್ಕೆ ಎದುರು ನಿಂತು ನೋಡಿದವನ ಕಣ್ಣೇ ಪ್ರಮಾಣ.

ಈ ಅಲಕ್ಷ್ಯಕ್ಕೆ ಇತಿಹಾಸವಿದೆ. ವರ್ಣಚಿತ್ರಗಳ ಮುದ್ರಣಶಾಲೆಗಳು ಚರ್ಮದ ಬಣ್ಣವನ್ನು ಸರಿಪಡಿಸಿಕೊಳ್ಳಲು ದಶಕಗಳ ಕಾಲ ನಂಬಿದ ಕೊಡಾಕ್ ಸಂಸ್ಥೆಯ ‘ಶರ್ಲಿ ಕಾರ್ಡ್’ ಎಂಬ ಮಾದರಿಯಲ್ಲಿದ್ದುದು ಬಿಳಿಯ ಹೆಣ್ಣಿನ ಚಿತ್ರ. ಚಾಕೊಲೇಟಿನ ಹಾಗೂ ಮರದ ಪೀಠೋಪಕರಣಗಳ ತಯಾರಕರು ತಮ್ಮ ಸರಕಿನ ಕಂದು ಛಾಯೆಗಳು ಚಿತ್ರದಲ್ಲಿ ಬೇರ್ಪಡುತ್ತಿಲ್ಲವೆಂದು ಆಕ್ಷೇಪಿಸಿದುದೂ ಫಿಲ್ಮಿನ ಸುಧಾರಣೆಗೆ ಒಂದು ಕಾರಣವಾಯಿತೆಂಬುದು, ಮನುಷ್ಯರ ಮುಖಕ್ಕೆ ಸಿಕ್ಕಿದ ಗಮನ ಎಷ್ಟು ಅಲ್ಪವಾಗಿತ್ತೆಂಬುದಕ್ಕೆ ಸಾಕ್ಷಿ.

ಪರಿಹಾರವು ಕಷ್ಟದ್ದಲ್ಲ, ವೆಚ್ಚದ್ದೂ ಅಲ್ಲ. ಮೈಬಣ್ಣ ಯಾವುದಿದ್ದರೂ ಅಂಗೈಯ ಬಣ್ಣದಲ್ಲಿ ಜನರಿಂದ ಜನರಿಗೆ ಇರುವ ವ್ಯತ್ಯಾಸ ಸ್ವಲ್ಪವೇ. ಅದು ನಡುಬೂದಿಗಿಂತ ಸುಮಾರು ಇಮ್ಮಡಿ ಬೆಳಕನ್ನು ಪ್ರತಿಫಲಿಸುತ್ತದೆ. ಮುಖದ ಮೇಲೆ ಬೀಳುವ ಬೆಳಕಿನಲ್ಲಿಯೇ ಅಂಗೈಯನ್ನು ಹಿಡಿದು, ಅದನ್ನು ಮಾತ್ರ ಅಳೆದು, ಮಾಪಕವು ಸೆಕೆಂಡಿನ 1/250 ಭಾಗವೆಂದರೆ ಶಟರನ್ನು 1/125ಕ್ಕೆ ತಂದರೆ, ಹವ್ಯಕರ ಹುಡುಗನೂ ಸಿದ್ದಿಯರ ಹುಡುಗಿಯೂ ತಂತಮ್ಮ ನಿಜವರ್ಣದಲ್ಲಿ ಒಂದೇ ಚಿತ್ರದಲ್ಲಿ ಮೂಡುತ್ತಾರೆ. ಮಧ್ಯಾಹ್ನದ ಬಿಸಿಲಿನಲ್ಲಿ ಬಿಳಿಯ ಅಂಗಿಗೂ ಕಪ್ಪು ಕೆನ್ನೆಗೂ ಇರುವ ಅಂತರವನ್ನು ತಾಳಿಕೊಳ್ಳುವುದು ಕಷ್ಟವಾದುದರಿಂದ, ಮಕ್ಕಳನ್ನು ಅಂಗಳದಿಂದ ಜಗಲಿಯ ನೆರಳಿಗೆ ಕರೆತರುವುದು ಲೇಸು. ಮೊಬೈಲಿನಲ್ಲಿ ತೆಗೆಯುವವರು ಪರದೆಯ ಮೇಲೆ ಮುಖವನ್ನು ಒತ್ತಿ ಹಿಡಿದು, ಕಣ್ಣಿಗೆ ಕಂಡ ಬಣ್ಣವೇ ಪರದೆಯಲ್ಲಿ ಕಾಣುವವರೆಗೆ ಬೆಳಕನ್ನು ಏರಿಳಿಸಲಿ.

ಸ್ಟುಡಿಯೋಗಳಲ್ಲಿ ಮುಖವನ್ನು ಬೆಳ್ಳಗಾಗಿಸಿ ಕೊಡುವ ಉಪಚಾರ ಬೇರೆಯೊಂದಿದೆ. ಅದನ್ನು ಸೌಜನ್ಯವೆಂದು ಬಗೆಯುವವರುಂಟು. ನನಗಾದರೋ ಅದು ಆ ಮುಖವು ಇದ್ದಂತೆ ಯೋಗ್ಯವಲ್ಲವೆಂದು ಸಾರುವ ತೀರ್ಪಾಗಿ ಕಾಣುತ್ತದೆ. ಉತ್ತರಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತುದು 2003ರಲ್ಲಿ. ಅವರಲ್ಲೊಬ್ಬರಾದ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತನ್ನು ಪ್ರವೇಶಿಸಿದುದು 2020ರಲ್ಲಿ. ಶಾಸನವೂ ಸಭೆಯೂ ಇಷ್ಟು ತಡವಾಗಿಯಾದರೂ ಕಂಡ ಜನರನ್ನು ನಮ್ಮ ಕ್ಯಾಮರಾಗಳು ಇನ್ನೂ ಕಾಣದಿರುವುದು ಯುಕ್ತವಲ್ಲ. ಈ ಮೂರು ತಾಲೂಕುಗಳಲ್ಲಿ ನಡೆಯುವ ಛಾಯಾಗ್ರಹಣ ಶಿಬಿರಗಳು ಜಲಪಾತಕ್ಕೂ ಮೊದಲು ಮುಖದ ಬೆಳಕನ್ನು ಕಲಿಸಲಿ. ಶಾಲೆಗಳು ವರ್ಷಾಂತ್ಯದ ಸಮೂಹಚಿತ್ರವನ್ನು ಸ್ವೀಕರಿಸುವ ಮುನ್ನ ಪ್ರತಿಯೊಂದು ಮಗುವಿನ ಮುಖವನ್ನೂ ಪರೀಕ್ಷಿಸಲಿ. ಒಂದು ಮುಖವಾದರೂ ಗುರುತು ಸಿಗದಂತಿದ್ದರೆ ಚಿತ್ರವನ್ನು ಹಿಂದಿರುಗಿಸಿ, ಮತ್ತೊಮ್ಮೆ ತೆಗೆಸಲಿ.